ಬದುಕಿರುವವರ ಚೀಟಿ

ನಿಘಂಟು ಕಚೇರಿಗೆ ಎಪ್ಪತ್ತೆರಡು ಮೆಟ್ಟಿಲು. ಮೂವತ್ತೊಂದು ವರ್ಷ ಹತ್ತಿಳಿದವಳು ಅದನ್ನು ಬಾಯಲ್ಲಿ ಎಣಿಸಬೇಕಾಗಿರಲಿಲ್ಲ, ಮಂಡಿಯೇ ಎಣಿಸುತ್ತಿತ್ತು. ನಲವತ್ತನೆಯದಕ್ಕೆ ಎಡಗಾಲು ಗೊಣಗಲು ಶುರುಮಾಡಿದರೆ ಅರವತ್ತಕ್ಕೆ ಬಲಗಾಲೂ ತಾಳ ಹಾಕುತ್ತಿತ್ತು. ಲಿಫ್ಟ್ ಇತ್ತು. ಅದರ ಬಾಗಿಲಿಗೆ ‘ಟ್ರಸ್ಟಿನ ಸದಸ್ಯರಿಗೆ ಮಾತ್ರ’ ಎಂಬ ಹಲಗೆಯೂ ಇತ್ತು. ಆ ಹಲಗೆಯ ಮಾತು ಬಂದಾಗಲೆಲ್ಲ ಅವಳ ಗಂಡ ನಗುತ್ತಿದ್ದ. ಅವನು ಬೇರೊಂದು ಕಟ್ಟಡದಲ್ಲಿ ಮೂವತ್ತು ವರ್ಷ ಲಿಫ್ಟ್ ನಡೆಸಿ, ಸ್ಟೂಲಿನ ಮೇಲೆ ಕೂತು ಕೂತು ಬೆನ್ನು ಹಾಳುಮಾಡಿಕೊಂಡು ಈಗ ಮನೆಯಲ್ಲಿದ್ದ.

“ಊರಿನ ದೊಡ್ಡೋರನ್ನೆಲ್ಲ ಮೇಲಕ್ಕೆ ಒಯ್ದೋನು ನಾನು ಕಣೇ. ನನ್ನ ಹೆಂಡ್ತಿ ಮಾತ್ರ ಮೆಟ್ಟಿಲು ಹತ್ತಬೇಕು. ಇದಕ್ಕೇ ಹಣೆಬರಹ ಅನ್ನೋದು.”

ಕಚೇರಿಯಲ್ಲಿ ಎಲ್ಲರೂ ಅವಳನ್ನು ಚೀಟಿಯಕ್ಕ ಎನ್ನುತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಸಂಸ್ಕೃತ ನಿಘಂಟು. ತಯಾರಾಗುತ್ತಲೇ ಇತ್ತು, ಅವಳು ಹುಟ್ಟುವ ಮೊದಲಿನಿಂದಲೂ. ಗೋಡೆಯುದ್ದಕ್ಕೂ ಮರದ ಡ್ರಾಯರುಗಳು, ಡ್ರಾಯರು ತುಂಬ ಅಂಗೈಯಗಲದ ಚೀಟಿಗಳು. ಹಳೆಯ ಗ್ರಂಥಗಳಲ್ಲಿ ಒಂದು ಮಾತು ಎಲ್ಲೆಲ್ಲಿ ಬಂದಿದೆಯೋ ಅಲ್ಲಲ್ಲಿಂದ ಸಾಲು ಹೆಕ್ಕಿ, ಸಾಲಿಗೊಂದು ಚೀಟಿ. ಆ ಚೀಟಿಗಳನ್ನೆಲ್ಲ ಓದಿ, ಮಾತಿನ ಹುಟ್ಟು, ರೂಪ, ಅರ್ಥ ಇಷ್ಟನ್ನೂ ಹಿಂಡಿ ಇಳಿಸಿದರೆ ಅದು ತಲೆಚೀಟಿ. ತಲೆಚೀಟಿಯೇ ಅಚ್ಚಿಗೆ ಹೋಗುವುದು. ಅದರ ಬಲಮೂಲೆಯಲ್ಲಿ ಬರೆದವರ ಗುರುತು ಇರಬೇಕು, ಎಡಮೂಲೆಯಲ್ಲಿ ಓದಿ ಒಪ್ಪಿದವರ ಗುರುತು. ಗುರುತೆಂದರೆ ಒಂದೋ ಎರಡೋ ಅಕ್ಷರ. ಯಾವ ಅಕ್ಷರ ಯಾರದು ಎಂಬುದು ಗುರುತಿನ ಪುಸ್ತಕವೆಂಬ ದಪ್ಪ ರಿಜಿಸ್ಟರಿನಲ್ಲಿತ್ತು. ಮೂವತ್ತೊಂದು ವರ್ಷವಾದರೂ ಚೀಟಿಯಕ್ಕನ ಅಕ್ಷರ ಅದರಲ್ಲಿರಲಿಲ್ಲ.

ಅವಳು ಬಂದದ್ದು ಡ್ರಾಯರುಗಳ ಧೂಳು ಹೊಡೆಯಲು. ಧೂಳು ಹೊಡೆಯುವವರಿಗೆ ಓದು ಬಂದರೆ ಚೀಟಿ ಅದಲುಬದಲಾಗುವುದಿಲ್ಲ ಎಂದು ಆಗ ಅಲ್ಲಿದ್ದ ಪಂಡಿತರೊಬ್ಬರು ಅವಳಿಗೆ ಅಕ್ಷರ ಹೇಳಿಕೊಟ್ಟರು. ಅಕ್ಷರ ಬಂದ ಮೇಲೆ ವಿಭಕ್ತಿ, ವಿಭಕ್ತಿ ಬಂದ ಮೇಲೆ ಧಾತು. ಆರು ವರ್ಷಕ್ಕೆ ಅವಳು ಚೀಟಿ ಜೋಡಿಸುತ್ತಿದ್ದಳು, ಹತ್ತು ವರ್ಷಕ್ಕೆ ತಲೆಚೀಟಿ ಬರೆಯುತ್ತಿದ್ದಳು. ಬರೆದದ್ದಕ್ಕೆ ಬೀಳುತ್ತಿದ್ದದ್ದು ಪಂಡಿತರ ‘ಪಂ’. ಅವಳ ಹೆಸರು ಆಗಲೂ ದಿನಗೂಲಿ ಪಟ್ಟಿಯಲ್ಲಿ, ಪೊರಕೆ, ಬಕೆಟ್ಟುಗಳ ಜೊತೆ. “ಮುಂದಿನ ವರ್ಷ ನೋಡೋಣಮ್ಮ” ಎನ್ನುತ್ತಿದ್ದರು ಪಂಡಿತರು. ಒಳ್ಳೆಯವರು. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಒಂಬತ್ತು ವರ್ಷದ ಕೆಳಗೆ ಅವರು ತೀರಿಕೊಂಡರು. ಅವರ ‘ಪಂ’ ತೀರಿಕೊಳ್ಳಲಿಲ್ಲ. ಅವರು ಬಿಟ್ಟುಹೋದ ಟಿಪ್ಪಣಿಗಳಿಂದ ಎತ್ತಿ ಬರೆದದ್ದು ಎಂಬ ನೆಪದಲ್ಲಿ, ಚೀಟಿಯಕ್ಕ ತಲೆಚೀಟಿ ಬರೆಯುವುದು, ಮೂಲೆಗೆ ತಾನೇ ‘ಪಂ’ ಹಾಕುವುದು, ಮತ್ತೊಬ್ಬರು ಎಡಕ್ಕೆ ಒಪ್ಪುವುದು. ಸತ್ತವರು ಒಂಬತ್ತು ವರ್ಷ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದರು.

ಆ ಮಂಗಳವಾರ ಅವಳು ಎಪ್ಪತ್ತೆರಡನೆಯ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಾಗಲೇ ಒಳಗಿನಿಂದ ಕರೆ ಬಂತು.

ಕರೆದವರು ಪ್ರಧಾನ ಸಂಪಾದಕರು. ಬೆನ್ನ ಹಿಂದೆ ಅವರ ಹೆಸರು ವಿಸರ್ಗ. ಮಾತಿನ ಕೊನೆಗೆ ‘ಹಃ’ ಎಂದು ಉಸಿರು ಬಿಡುವ ಅಭ್ಯಾಸ ಅವರಿಗೆ; ನಡುವೆ ಬಿಡಲು ಪುರಸತ್ತು ಸಿಗಲಿಲ್ಲವೇನೋ. ಅವರೂ ಹೈರಾಣಾದ ಮನುಷ್ಯ. ಇಪ್ಪತ್ತೈದರಲ್ಲಿ ಈ ಕಚೇರಿ ಹೊಕ್ಕು, ನಿಘಂಟು ಮುಗಿಸಿಯೇ ಮದುವೆ ಎಂದವರು. ಈಗ ಅರವತ್ತಮೂರು; ಪ್ರಧಾನ ಸಂಪಾದಕರಿಗೆ ನಿವೃತ್ತಿಯಿಲ್ಲ. ನಿಘಂಟು ‘ರ’ಕಾರದಲ್ಲಿತ್ತು.

“ಕೂತ್ಕೊಳ್ಳಿ” ಎಂದರು.

ಅವಳಿಗೆ ಮೊದಲು ಹೆದರಿಕೆಯಾದದ್ದು ಅದಕ್ಕೆ. ಮೂವತ್ತೊಂದು ವರ್ಷದಲ್ಲಿ ಅವರು ಅವಳಿಗೆ ‘ನೀನು’ ಬಿಟ್ಟು ಬೇರೆ ಅಂದದ್ದಿಲ್ಲ, ಕೂರು ಅಂದದ್ದಂತೂ ಇಲ್ಲವೇ ಇಲ್ಲ. ಕುರ್ಚಿಯ ತುದಿಯಲ್ಲಿ ಕೂತಳು. ವಿಸರ್ಗ ಮೇಜಿನ ಮೇಲಿನ ಕವರನ್ನು ಅವಳ ಕಡೆ ಸರಿಸಿದರು.

“ಓದಿ. ಹಃ.”

ಸಹಾಯಕ ಸಂಪಾದಕಿ. ಖಾಯಂ ಹುದ್ದೆ. ಆರು ತಿಂಗಳು ಪರೀಕ್ಷಾ ಅವಧಿ, ಆ ಅವಧಿಯಲ್ಲಿ ಕಾರಣ ಕೊಡದೆ ತೆಗೆಯಬಹುದು. ನಂತರ ಅರವತ್ತರವರೆಗೆ ಕೆಲಸ, ಆಮೇಲೆ ಪೆನ್ಷನ್. ಅವಳಿಗೀಗ ಐವತ್ತೆಂಟು. ಹಲ್ಲಿದ್ದಾಗ ಕಡಲೆ ಕೊಡಲಿಲ್ಲ, ಈಗ ಕಡಲೆ ಕೊಟ್ಟು ಅಗಿ ಅನ್ನುತ್ತಿದ್ದಾರೆ ಅನ್ನಿಸಿತು. ಆದರೂ ಕಾಗದವನ್ನು ಇನ್ನೊಮ್ಮೆ ಓದಿದಳು. ಗಂಡನ ಬೆನ್ನಿನ ಮುಲಾಮು, ಮನೆಯ ಸೋರುವ ನಲ್ಲಿ, ಮುಂದಿನ ವರ್ಷ ಮುಂದಿನ ವರ್ಷ ಎಂದು ತಾನು ಅವನಿಗೆ ಹೇಳಿದ ಸುಳ್ಳುಗಳು, ಎಲ್ಲವೂ ಒಟ್ಟಿಗೆ ಎದೆಗೆ ಬಂದು ನಿಂತವು.

“ಯಾಕೆ ಸಾರ್?” ಎಂದಳು.

“ಯಾಕೆ ಅಂದ್ರೆ?”

“ಇಷ್ಟು ವರ್ಷ ಇಲ್ದಿದ್ದು ಈವತ್ತು ಯಾಕೆ ಅಂತ.”

ವಿಸರ್ಗ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಮಾತನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇಡುವುದು ಅವರ ಕ್ರಮ. ಅದಕ್ಕೆ ಸ್ವಲ್ಪ ಹೊತ್ತು ಬೇಕು.

“‘ರಾಜನ್’ ಅನ್ನೋ ಮಾತಿನ ತಲೆಚೀಟಿ ನೀವು ಬರೆದದ್ದಲ್ವಾ? ಪಂಡಿತರ ಗುರುತಲ್ಲಿ. ಅಧ್ಯಕ್ಷರು ನೋಡಿದ್ರು. ಹಃ.”

ಅಧ್ಯಕ್ಷರೆಂದರೆ ಟ್ರಸ್ಟಿನ ಅಧ್ಯಕ್ಷರು. ಅವರ ಮುತ್ತಜ್ಜನ ಕಾಲದಲ್ಲಿ ಊರಿಗೆ ಊರೇ ಆ ಮನೆತನದ್ದು. ಊರು ಹೋಯಿತು, ಟ್ರಸ್ಟು ಉಳಿಯಿತು. ಈಗ ಮುತ್ತಜ್ಜನ ಹೆಸರಿನಲ್ಲಿ ದೊಡ್ಡದೊಂದು ಸಭಾಭವನ ಏಳುತ್ತಿತ್ತು. ಅದರ ಹೆಬ್ಬಾಗಿಲಿನ ಕಲ್ಲಿನ ಮೇಲೆ, ಪ್ರಜೆಗಳನ್ನು ರಂಜಿಸುವುದರಿಂದಲೇ ರಾಜ ಎಂದು ಹೆಸರು ಬಂತು ಎಂಬ ಮಾತನ್ನು ಕೆತ್ತಿಸಬೇಕು, ಕೆಳಗೆ ಆಧಾರವಾಗಿ ಈ ನಿಘಂಟಿನ ಸಂಪುಟ, ಪುಟ ಹಾಕಬೇಕು ಎಂಬುದು ಅವರ ಆಸೆ. ಆಸೆಪಟ್ಟು ಅಚ್ಚಿಗೆ ಮುಂಚಿನ ಕರಡು ಪುಟ ತರಿಸಿ ನೋಡಿದರೆ ಅಲ್ಲಿ ಬೇರೆಯೇ ಇತ್ತು.

“ನಮ್ಮ ಕಚೇರಿ ಡಾಕ್ಟರು ಹೊಸ ತಲೆಚೀಟಿ ಬರೆದಿದ್ದಾರೆ. ಎಡಗಡೆ ಒಂದು ಗುರುತು ಬೇಕು. ನಾನು ಹಾಕೋ ಹಾಗಿಲ್ಲ, ಪ್ರಧಾನ ಸಂಪಾದಕರು ಚೀಟಿಗೆ ಗುರುತು ಹಾಕೋದು ಪದ್ಧತಿಯಲ್ಲಿಲ್ಲ. ಉಳಿದವರೆಲ್ಲ ನಿವೃತ್ತರಾದ್ರು. ನೀವೊಬ್ರೇ ಇರೋದು. ಇವತ್ತು ಗುರುತಿನ ಪುಸ್ತಕದಲ್ಲಿ ನಿಮ್ಮ ಅಕ್ಷರ ಬರೆಸಿ, ಹೊಸ ಚೀಟಿಗೆ ಒಪ್ಪಿಗೆ ಹಾಕಿ. ಶುಕ್ರವಾರ ಹಾಳೆ ಅಚ್ಚಿಗೆ ಹೋಗಬೇಕು. ಹಃ.”

“ಹಳೇ ಚೀಟಿ?”

“ಪಂಡಿತರು ಗತಿಸಿದ್ದಾರಲ್ಲ.”

ಅವರು ತಲೆಯೆತ್ತದೆ ಗೋಡೆಯ ಕಡೆ ಕೈ ತೋರಿದರು. ತೋರಿಸಬೇಕಾಗಿಯೇ ಇರಲಿಲ್ಲ. ಸ್ಥಾಪಕರು ಮಾಡಿಟ್ಟ ಹದಿನಾಲ್ಕು ನಿಯಮಗಳ ಹಲಗೆ ಅದು. ಮೂವತ್ತೊಂದು ವರ್ಷ ಅದರ ಧೂಳನ್ನೂ ಅವಳೇ ಹೊಡೆದಿದ್ದಳು. ಏಳನೆಯದು: ಬದುಕಿರುವವರ ಚೀಟಿಯನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯತಕ್ಕದ್ದಲ್ಲ, ಅದೇ ಅಚ್ಚಿಗೆ ಹೋಗತಕ್ಕದ್ದು. ಗತಿಸಿದವರ ಚೀಟಿ ಪ್ರಧಾನ ಸಂಪಾದಕರ ವಿವೇಚನೆಗೆ ಸೇರಿದ್ದು. ಹಲಗೆಯ ಅಕ್ಷರ ವಿಸರ್ಗರದ್ದೇ, ಅವರು ಇಪ್ಪತ್ತೈದರ ಹುಡುಗನಾಗಿದ್ದಾಗ ದುಂಡಗೆ ಬರೆದದ್ದು.

ಚೀಟಿಯಕ್ಕ ಕವರು ಹಿಡಿದು ಎದ್ದಳು. “ಓದಿ ಹಾಕ್ತೀನಿ ಸಾರ್” ಎಂದಳು. ಓದದೆ ಹಾಕಿದ ದಿನ ಇರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಕಿಟಕಿಯ ಪಕ್ಕ ಅವಳ ಮೇಜು. ಆಚೆಬದಿಗೆ ಹೊಸ ಡಾಕ್ಟರು, ಮೂವತ್ತೆರಡರ ಚುರುಕು ಮನುಷ್ಯ. ಪಿಎಚ್.ಡಿ. ಮಾಡಿ ಹೆಸರಿನ ಮುಂದೆ ಡಾ. ಹಾಕಿಕೊಂಡು ಬಾಡಿಗೆ ಮನೆಯ ಬಾಗಿಲಿಗೆ ಫಲಕ ಹೊಡೆದ ತಪ್ಪಿಗೆ ವಾರಕ್ಕೆ ಇಬ್ಬರಾದರೂ ಮಗುವಿಗೆ ಜ್ವರ ಎಂದು ಬಾಗಿಲು ತಟ್ಟುತ್ತಿದ್ದರು. ಅವರು ಅವಳ ಕೈಯಲ್ಲಿನ ಕವರು ನೋಡಿ ಎದ್ದೇ ಬಿಟ್ಟರು.

“ಅಕ್ಕಾ! ಬಂತಾ? ಕಂಗ್ರಾಟ್ಸ್ ಅಕ್ಕ. ಸ್ವೀಟ್ ಎಲ್ಲಿ?”

“ಚೀಟಿ ಕೊಡಿ ಮೊದ್ಲು.”

“ಅದೇನಿಲ್ಲ ಬಿಡಿ, ಎರಡು ಸಾಲು. ನಿಮ್ಮದು ತುಂಬ ಉದ್ದ ಇತ್ತು.”

ಅವಳು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡಳು. ಡಾಕ್ಟರದ್ದು ಟೈಪಾಗಿತ್ತು. ರಾಜನ್, ಪುಲ್ಲಿಂಗ. ರಂಜ್ ಧಾತುವಿನಿಂದ, ಪ್ರಜೆಗಳನ್ನು ರಂಜಿಸುವವನು, ಸಂತೋಷಪಡಿಸುವವನು, ಆದ್ದರಿಂದ ರಾಜ. ಮುಗಿಯಿತು.

ಅವಳದು ನೀಲಿ ಶಾಯಿಯಲ್ಲಿ, ಸಣ್ಣ ಅಕ್ಷರದಲ್ಲಿ, ಚೀಟಿಗೆ ಚೀಟಿ ಅಂಟಿಸಿ ನಾಲ್ಕಾಗಿ ಮಡಚಿದ್ದು. ಮೊದಲಿಗೆ ರೂಪ: ಮಾತು ‘ನ್’ ಎಂದು ಮುಗಿಯುತ್ತದೆ, ಒಬ್ಬನಾದರೆ ರಾಜಾ, ಹಲವರಾದರೆ ರಾಜಾನಃ, ಅವನಿಂದ ಎನ್ನಲು ರಾಜ್ಞಾ. ದೊಡ್ಡ ಮಾತಿನ ಬೆನ್ನಿಗೆ ಸೇರಿದರೆ ಆ ‘ನ್’ ಇಲ್ಲ: ಮಹಾರಾಜ. ಇದನ್ನು ಹೇಳಿಕೊಟ್ಟ ದಿನ ಪಂಡಿತರು, “ನೋಡಮ್ಮ, ಮಹಾ ಅಂದ್ರೆ ಸಾಕು, ಬಾಲ ಉದುರಿ ಹೋಗುತ್ತೆ” ಎಂದು ಕೆಮ್ಮು ಬರುವಷ್ಟು ನಕ್ಕಿದ್ದರು. ಆಮೇಲೆ ಹುಟ್ಟು: ವೈಯಾಕರಣರು ಹೇಳುವ ರಾಜ್ ಧಾತು, ಅಂದರೆ ಬೆಳಗು. ದೂರದ ನಂಟ ಭಾಷೆಗಳನ್ನು ಹೋಲಿಸಿ ನೋಡಿದವರು ಹೇಳುವ ಇನ್ನೂ ಹಳೆಯ ಬೇರು: ನೆಟ್ಟಗೆ ಮಾಡು, ದಾರಿ ಹಿಡಿಸು, ಋಜು ಎಂಬ ಮಾತಿಗೂ ಅದೇ ಬೇರು. ಕೊನೆಗೆ ರಂಜಿಸುವ ಕಥೆ: ಇದು ನಂತರದವರು ಹೊಗಳಿಕೆಯಲ್ಲಿ ಕಟ್ಟಿದ್ದು, ಹಳೆಯ ಪದರದ ಚೀಟಿಗಳಲ್ಲಿ ಇದಕ್ಕೆ ಆಧಾರವಿಲ್ಲ. ಅಲ್ಲಿ ಜನ ರಾಜನನ್ನು ಆರಿಸಿದ ಮಾತಿದೆ. ಹೊರಗಾದವನನ್ನು ಮರಳಿ ಕರೆಸಿದ ಮಾತೂ ಇದೆ.

ಈ ಕೊನೆಯ ನಾಲ್ಕು ಸಾಲಿಗಾಗಿ ಅವಳು ಹದಿನಾಲ್ಕು ತಿಂಗಳು ಕೆಲಸ ಮಾಡಿದ್ದಳು. ಆ ಮಾತಿನ ಚೀಟಿಗಳೇ ಎರಡು ಡ್ರಾಯರು ತುಂಬ. ಒಂದೊಂದನ್ನೂ ತೆಗೆದು, ಕಾಲದ ಪ್ರಕಾರ ನೆಲದ ಮೇಲೆ ಹರಡಿ, ಮಂಡಿಯೂರಿ ಕೂತು, ಇಲ್ಲಿ ಇವನು ಏನು ಮಾಡುತ್ತಿದ್ದಾನೆ ಎಂದು ನೋಡಿದ್ದಳು. ಗೆಲ್ಲುತ್ತಾನೆ. ಹಂಚುತ್ತಾನೆ. ಕಿತ್ತುಕೊಳ್ಳುತ್ತಾನೆ. ದಂಡಿಸುತ್ತಾನೆ, ಹೆದರುತ್ತಾನೆ, ಓಡುತ್ತಾನೆ. ರಂಜಿಸುವವನು ಬಾಗಿಲ ಹತ್ತಿರದ, ಈಚಿನ ಕಾಲದ ಚೀಟಿಗಳವರೆಗೂ ಸಿಗಲಿಲ್ಲ. ಅಲ್ಲಿಂದ ಮುಂದೆ ಮಾತ್ರ ಯಾರನ್ನು ನೋಡಿದರೂ ರಂಜಿಸುವವನೇ. ಹಾಡಿದವರೆಲ್ಲ ಅವನದೇ ಅನ್ನ ಉಂಡವರು.

“ಡಾಕ್ಟರೇ, ಈ ರಂಜ್ ಎಲ್ಲಿಂದ ತಂದ್ರಿ?”

“ಎಲ್ಲಾ ಕಡೆ ಇದೆಯಲ್ಲಕ್ಕ. ಪುರಾಣ, ಕಾವ್ಯ...”

“ಇದೆ. ನಾನೂ ಬರೆದಿದ್ದೀನಿ. ಹೊಗಳಿಕೆ ಅಂತ ಬರೆದಿದ್ದೀನಿ. ನೀವು ಅದೊಂದೇ ಇಟ್ಟಿದ್ದೀರಿ. ಉಳಿದದ್ದು ತೆಗೆದಿದ್ದು ಯಾಕೆ?”

ಡಾಕ್ಟರು ಕುರ್ಚಿ ಹತ್ತಿರ ಎಳೆದು ದನಿ ತಗ್ಗಿಸಿದರು. “ಅಕ್ಕ, ನಿಮಗೆ ಗೊತ್ತಿಲ್ಲದ್ದೇನಿದೆ? ನನ್ನ ಎರಡು ವರ್ಷದ ಕಾಂಟ್ರ್ಯಾಕ್ಟು ಮುಂದಿನ ತಿಂಗಳು ಮುಗಿಯುತ್ತೆ. ಒಂದು ಮಾತು ಹಾಗಿದ್ರೇನು, ಹೀಗಿದ್ರೇನು? ಯಾರು ಓದ್ತಾರೆ ಹೇಳಿ. ನಿಮ್ಮನೇಲಿ ಯಾರಾದ್ರೂ ಓದ್ತಾರಾ?”

“ನಮ್ಮಜ್ಜಿ ಓದಬೇಕಿತ್ತು” ಎಂದಳು ಅವಳು.

“ಅಜ್ಜಿಗೆ ಸಂಸ್ಕೃತ ಬರ್ತಿತ್ತಾ?”

“ನೆಲ ಒರೆಸೋದು ಬರ್ತಿತ್ತು. ಅಧ್ಯಕ್ಷರ ಮುತ್ತಜ್ಜನ ಮನೇಲಿ. ನಲವತ್ತು ಕೋಣೆ. ಸೊಂಟ ಹೋಗೋವರೆಗೂ ಒರೆಸಿದ್ಳು. ಆಮೇಲೆ ಒಂದು ದಿನ ನಾಳೆಯಿಂದ ಬರಬೇಡ ಅಂದ್ರಂತೆ.” ಅವಳು ಟೈಪಾದ ಚೀಟಿಯನ್ನು ಬೆಳಕಿಗೆ ಹಿಡಿದಳು. “ರಂಜನೆ ಯಾವ ಕೋಣೇಲಿತ್ತೋ, ಪಾಪ, ಅವಳಿಗೆ ಕಾಣಿಸಲಿಲ್ಲ.”

ಡಾಕ್ಟರು ನಗಲೋ ಬೇಡವೋ ತಿಳಿಯದೆ ಪೆನ್ನಿನ ಮುಚ್ಚಳ ತಿರುಗಿಸಿದರು.

ಊಟದ ಹೊತ್ತು ಕಳೆಯಿತು. ಅವಳು ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚಿದಳು. ಹಸಿವಿಗಿಂತ ದಣಿವು ದೊಡ್ಡದಾಗಿತ್ತು. ಇದು ಇವತ್ತಿನ ದಣಿವಲ್ಲ. ಬೆರಳ ಗೆಣ್ಣಿನಲ್ಲಿ, ಕಣ್ಣಿನ ಹಿಂದೆ, ಎಲ್ಲೆಲ್ಲೋ ವರ್ಷ ವರ್ಷ ಕೂತ ಧೂಳಿನಂಥದು. ಹೊಡೆದರೆ ಏಳುತ್ತದೆ, ಮತ್ತೆ ಅಲ್ಲೇ ಕೂರುತ್ತದೆ. ಸಹಿ ಹಾಕಿ ಮನೆಗೆ ಹೋಗಿ ಮಲಗೋಣ ಎಂದಿತು ದೇಹ. ಹನ್ನೊಂದು ಸಾವಿರ ತಲೆಚೀಟಿ ಬರೆದಿದ್ದೀಯೆ, ಒಂದರಲ್ಲೂ ನಿನ್ನ ಹೆಸರಿಲ್ಲ, ಒಂದು ಹೋದರೆ ಏನು ಗಂಟು ಹೋಯಿತು? ಹಾಗೆ ನೋಡಿದರೆ ಡಾಕ್ಟರ ಮಾತೇ ಸರಿ, ಯಾರು ಓದುತ್ತಾರೆ?

ಆದರೆ ಓದದಿದ್ದರೆ ಅವರು ಇಷ್ಟೊಂದು ಯಾಕೆ ಕಷ್ಟಪಡುತ್ತಿದ್ದಾರೆ? ಮೂವತ್ತೊಂದು ವರ್ಷ ಕೇಳಿದರೂ ಬಾರದ ಕಾಗದವನ್ನು ಎರಡು ಸಾಲಿಗಾಗಿ ಒಂದೇ ದಿನದಲ್ಲಿ ಟೈಪು ಮಾಡಿಸಿ ಸೀಲು ಹೊಡೆಸಿದ್ದಾರೆ. ಅಂದರೆ ಆ ಮೂಲೆಯ ಅಕ್ಷರಕ್ಕೆ ಬೆಲೆಯಿದೆ. ಇಷ್ಟು ದಿನ ತನಗೆ ಮಾತ್ರ ಗೊತ್ತಿರಲಿಲ್ಲ.

ಮೂರು ಗಂಟೆಗೆ ವಿಸರ್ಗ ಗುರುತಿನ ಪುಸ್ತಕವನ್ನು ತಾವೇ ಎತ್ತಿಕೊಂಡು ಬಂದರು. ಚರ್ಮದ ರಟ್ಟು, ನಂಬರು ಹೊಡೆದ ಪುಟಗಳು. ಪುಟ ನಲವತ್ತೊಂದು. ಹೆಸರು, ಗುರುತು, ಯಾವಾಗಿನಿಂದ, ಯಾವಾಗಿನವರೆಗೆ ಎಂಬ ನಾಲ್ಕು ಕಾಲಂ. ಪಂಡಿತರ ಸಾಲಿನ ಕೊನೆಯಲ್ಲಿ ಅವರು ತೀರಿಕೊಂಡ ತಾರೀಕು ಇತ್ತು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಗತ’. ಕೆಲಸ ಬಿಟ್ಟವರಿಗೆ ಬರೀ ತಾರೀಕು.

“ಯಾವ ಅಕ್ಷರ ಇಟ್ಕೊಳ್ತೀರಿ? ಹಃ.”

ಅವಳು ಯೋಚಿಸಲಿಲ್ಲ. “ಚೀ” ಎಂದಳು.

ಡಾಕ್ಟರು ಕಿಸಕ್ಕನೆ ನಕ್ಕರು. “ಅಕ್ಕ, ಓದಿದೋರು ಬೈದ್ರು ಅಂದ್ಕೊಳ್ತಾರೆ!”

“ಅಂದ್ಕೊಳ್ಳಲಿ.”

ವಿಸರ್ಗ ಅವಳ ಹೆಸರು ಬರೆದರು, ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ಬರೆದು, ಇವತ್ತಿನ ತಾರೀಕು ಹಾಕಿ, ಅವಳ ಕೈಯಿಂದ ಗುರುತು ಹಾಕಿಸಿದರು. ಚೀ. ಆಮೇಲೆ ಅವರು ಟೈಪಾದ ಚೀಟಿಯನ್ನು ಅವಳ ಮುಂದೆ ಸರಿಸಿ ಎಡಮೂಲೆಗೆ ಬೆರಳಿಟ್ಟರು.

ಅವಳು ಅದನ್ನು ಮುಟ್ಟಲಿಲ್ಲ. ತನ್ನ ನೀಲಿ ಚೀಟಿಯ ಮಡಿಕೆ ಬಿಚ್ಚಿದಳು. ಬಲಮೂಲೆಯ ‘ಪಂ’ ಮೇಲೆ ಒಂದು ಗೆರೆ ಎಳೆದಳು, ಕಚೇರಿಯಲ್ಲಿ ತಪ್ಪು ಗುರುತನ್ನು ತಿದ್ದುವ ಪದ್ಧತಿಯಂತೆ, ಅಡಿಯ ಅಕ್ಷರ ಕಾಣುವ ಹಾಗೆ. ಪಕ್ಕದಲ್ಲಿ ‘ಚೀ’ ಬರೆದಳು. ತಾರೀಕು ಹಾಕಿದಳು. ಎಡಮೂಲೆಯಲ್ಲಿ ಹೋದ ವರ್ಷ ನಿವೃತ್ತರಾದವರ ಒಪ್ಪಿಗೆ ಮೊದಲೇ ಇತ್ತು. ಅವರು ಮಗಳ ಮನೆಯಲ್ಲಿ ಗುಂಡುಕಲ್ಲಿನ ಹಾಗೆ ಬದುಕಿದ್ದರು.

ಇಷ್ಟಕ್ಕೂ ಎರಡು ನಿಮಿಷ ಹಿಡಿಯಿತು. ಕೈ ನೋಯುತ್ತಿದ್ದುದರಿಂದ ನಿಧಾನವಾಗಿ ಬರೆದಳು.

“ಏನಿದು?” ಎಂದರು ವಿಸರ್ಗ. ‘ಹಃ’ ಬರಲಿಲ್ಲ.

“ಬರೆದೋರು ಬದುಕಿದ್ದಾರೆ ಸಾರ್. ನನ್ನ ಒಪ್ಪಿಗೆ ಇಲ್ಲ.”

ಮೊದಲು ಬಾಯಿಬಿಟ್ಟವರು ಡಾಕ್ಟರು. “ಅಕ್ಕಾ, ತಮಾಷೆ ಮಾಡಬೇಡಿ. ಸಾರ್, ಆ ಚೀಟಿ ಕೊಡಿ ಇಲ್ಲಿ. ಹರಿದು ಹಾಕಿದ್ರಾಯ್ತು. ಮೂರು ಜನ ಇದ್ದೀವಿ, ಯಾರಿಗೆ ಗೊತ್ತಾಗುತ್ತೆ?”

ವಿಸರ್ಗ ಚೀಟಿ ಕೈಗೆತ್ತಿಕೊಂಡರು. ಹರಿಯುವವರ ಹಾಗೆ ಎರಡೂ ಕೈಯಲ್ಲಿ ಹಿಡಿದರು ಕೂಡ. ಚೀಟಿಯಕ್ಕ ಕದಲಲಿಲ್ಲ. ಹರಿದರೆ ಮತ್ತೆ ಬರೆಯುವ ಶಕ್ತಿ ತನ್ನಲ್ಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹದಿನಾಲ್ಕು ತಿಂಗಳು, ನೆಲದ ಮೇಲೆ, ಮಂಡಿಯೂರಿ. ಇನ್ನಾಗದು.

“ಗೊತ್ತಾಗುತ್ತೆ ಕಣಯ್ಯ” ಎಂದರು ವಿಸರ್ಗ ಡಾಕ್ಟರ ಕಡೆ ನೋಡದೆ. “ನಿನಗೆ ಗೊತ್ತಾಗುತ್ತೆ. ನಾಳೆ ನಾನು ಸತ್ತ ಮೇಲೆ ಆ ಕುರ್ಚೀಲಿ ನೀನು ಕೂತ್ಕೋತೀಯ. ನನ್ನ ಹಳೇ ಚೀಟಿಗಳು ಆರು ಡ್ರಾಯರಿದೆ. ಹರಿಯೋದು ಹೇಗೆ ಅಂತ ಇವತ್ತೇ ಯಾಕೆ ಹೇಳಿಕೊಡಲಿ? ಹಃ.”

ಚೀಟಿಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದರು.

“ನೀವು ಏನು ಮಾಡಿದ್ರಿ ಅಂತ ಗೊತ್ತಾಯ್ತಾ ನಿಮಗೆ?” ಅವಳಿಗೆ ಈಗಲೂ ‘ನೀವು’. “ಇದೊಂದು ನಿಮ್ಮದು ಅಂದ್ರೆ ಒಂಬತ್ತು ವರ್ಷದ್ದೂ ನಿಮ್ಮದು ಅಂದ ಹಾಗೆ. ಸತ್ತವರ ಗುರುತಲ್ಲಿ ನಡೆಸಿದ್ದು ನಾನು ಅಂದ ಹಾಗೆ. ಉಳಿದ ಚೀಟಿಗಳಿಗೂ ಗೆರೆ ಎಳೀತೀರಾ?”

ಅವಳು ಡ್ರಾಯರುಗಳ ಕಡೆ ನೋಡಿದಳು. ಗೋಡೆಯಿಂದ ಗೋಡೆಗೆ, ನೆಲದಿಂದ ಮಾಡಿಗೆ. ಒಂದೊಂದರ ಹಿಡಿಯೂ ಅವಳ ಬೆರಳಿಗೆ ಗೊತ್ತು. ಯಾವುದು ಬಿಗಿ, ಯಾವುದನ್ನು ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು, ಎಲ್ಲವೂ.

“ಬೇಡ ಬಿಡಿ ಸಾರ್” ಎಂದಳು. “ಕೈ ನೋವು.”

ಕೆಳಗೆ ಬೀದಿಯಲ್ಲಿ ಯಾವುದೋ ಲಾರಿ ಹಿಂದೆ ಹಿಂದೆ ಬರುತ್ತ ಕುಯ್ ಕುಯ್ ಎನ್ನುತ್ತಿತ್ತು. ಅದು ನಿಂತ ಮೇಲೆ ವಿಸರ್ಗ ಕೈ ಚಾಚಿದರು. ಅವಳಿಗೆ ಅರ್ಥವಾಯಿತು. ಕವರನ್ನು ಎತ್ತಿ ಕೊಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಅವಳೇ ತುತ್ತನ್ನು ತಟ್ಟೆಗೆ ಮರಳಿ ಇಟ್ಟಿದ್ದಳು, ಯಾರನ್ನು ಬೈಯುವುದು?

“ಅಧ್ಯಕ್ಷರಿಗೆ ನಾನು ಏನಾದ್ರೂ ಹೇಳಬೇಕಲ್ಲ. ಆರು ತಿಂಗಳ ಷರತ್ತು ಓದಿದ್ರಿ ತಾನೆ? ಹಃ.”

“ಓದಿದ್ದೆ ಸಾರ್.”

“ಓದಿಯೂ?”

“ಓದದೆ ಯಾವತ್ತಾದ್ರೂ ಗುರುತು ಹಾಕಿದ್ದೀನಾ?”

ಅವರು ಗುರುತಿನ ಪುಸ್ತಕವನ್ನು ಮತ್ತೆ ತೆರೆದರು. ಶಾಯಿ ಇನ್ನೂ ಹೊಳೆಯುತ್ತಿದ್ದ ಸಾಲಿನ ಕೊನೆಯ ಕಾಲಮ್ಮಿನಲ್ಲಿ, ಯಾವಾಗಿನವರೆಗೆ ಎಂಬಲ್ಲಿ, ಅದೇ ದಿನದ ತಾರೀಕು ಬರೆದರು. ಪಕ್ಕದ ಕೆಂಪು ಶಾಯಿಯ ಪೆನ್ನನ್ನು ಮುಟ್ಟಲಿಲ್ಲ. ಮೂವತ್ತೊಂದು ವರ್ಷದ ನೌಕರಿ ಆ ಪುಸ್ತಕದಲ್ಲಿ ಒಂದು ಮಧ್ಯಾಹ್ನದಷ್ಟಾಯಿತು. ಬರೆದು ಮುಗಿಸಿ, ತಾವೇ ಬರೆದ ಹಲಗೆಯನ್ನು ಓದುವವರಂತೆ ತಲೆಯೆತ್ತಿ ನೋಡಿದರು. ಬದುಕಿರುವವರ, ಎಂದಿತ್ತು ಅಲ್ಲಿ. ಕೆಲಸದಲ್ಲಿರುವವರ ಎಂದಿರಲಿಲ್ಲ.

“ಇದು ಶುಕ್ರವಾರ ಅಚ್ಚಿಗೆ ಹೋಗುತ್ತೆ” ಎಂದರು ನೀಲಿ ಚೀಟಿ ತೋರಿಸಿ. “ಕಲ್ಲಿನ ಮೇಲೆ ಅವರು ಏನು ಬೇಕಾದ್ರೂ ಕೆತ್ತಿಸಿಕೊಳ್ಳಲಿ. ಪುಟದ ನಂಬರು ಹಾಕಿಸೋಕಾಗಲ್ಲ. ಅಷ್ಟೆ. ನಾಳೆಯಿಂದ...” ವಾಕ್ಯ ಮುಗಿಯಲಿಲ್ಲ.

“ಬರಬೇಡ ಅಂತ. ಗೊತ್ತು ಸಾರ್. ನಮ್ಮನೇಲಿ ಕೇಳಿದ ಮಾತೇ.”

ಡಾಕ್ಟರು ಬಾಗಿಲವರೆಗೆ ಬಂದರು. ಏನೋ ಹೇಳಬೇಕೆಂದು ಬಂದವರು, “ಅಕ್ಕ, ನಿಮ್ಮ ಡಬ್ಬಿ” ಎಂದು ಊಟದ ಡಬ್ಬಿ ಕೈಗಿತ್ತರು. ಮುಖ ಸಪ್ಪಗಿತ್ತು. ಅವಳಿಗೆ ಆ ಮನುಷ್ಯನ ಮೇಲೆ ಸಿಟ್ಟೂ ಬರಲಿಲ್ಲ. ಅವರ ಬಾಗಿಲನ್ನು ಇವತ್ತೂ ಯಾರೋ ಜ್ವರ ಎಂದು ತಟ್ಟುತ್ತಾರೆ. ಅವರು ಇವತ್ತೂ ನಾನು ಆ ಡಾಕ್ಟರಲ್ಲ ಎನ್ನಬೇಕು.

“ಮೂರನೇ ಸಾಲು, ಕೆಳಗಿಂದ ಎರಡನೇ ಡ್ರಾಯರು ಬಿಗಿ ಇದೆ” ಎಂದಳು. “ಎಡಕ್ಕೆ ಒತ್ತಿ ಎಳೀರಿ. ಬಲಕ್ಕೆ ಎಳೆದ್ರೆ ತಳ ಕಿತ್ತು ಬರುತ್ತೆ, ಚೀಟಿಯೆಲ್ಲ ನೆಲಕ್ಕೆ.”

ಇಳಿಯುವಾಗ ಮಂಡಿ ಮೇಲಿಂದಲೇ ಶುರುಮಾಡಿತು. ಎರಡನೆಯ ಮಹಡಿಯಲ್ಲಿ ನಿಂತಳು, ಗೋಡೆಗೆ ಕೈ ಕೊಟ್ಟು. ಲಿಫ್ಟು ಪಕ್ಕದಲ್ಲೇ ಗುಂಯ್ ಎಂದು ಖಾಲಿ ಮೇಲಕ್ಕೆ ಹೋಯಿತು. ಅಳು ಬರಬಹುದೇನೋ ಎಂದು ಸ್ವಲ್ಪ ಕಾದಳು. ಬರಲಿಲ್ಲ. ಸಂತೋಷವೂ ಬರಲಿಲ್ಲ. ಬೆರಳಲ್ಲಿ ನೀಲಿ ಶಾಯಿ ಅಂಟಿತ್ತು, ಅದನ್ನು ಸೆರಗಿಗೆ ಒರೆಸಲು ಹೋಗಿ ಬಿಟ್ಟಳು.

ಮನೆಯಲ್ಲಿ ಗಂಡ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಬಾಗಿಲಿಗೆ ಎದುರಾಗಿ ಕೂತಿದ್ದ. ಅವಳು ಇಷ್ಟು ಬೇಗ ಬಂದದ್ದು ನೋಡಿ ಗಡಿಯಾರ ನೋಡಿದ.

“ಏನೇ? ಹುಷಾರಿಲ್ವಾ?”

“ಕಾಗದ ಬಂತು ರೀ. ಖಾಯಂ ಕಾಗದ.”

“ಹೌದಾ!” ಅವನು ಬೆನ್ನು ಮರೆತು ಎದ್ದು ಕೂತ. “ಎಲ್ಲಿ, ತೋರಿಸು.”

“ಹೋಯ್ತು.”

“ಬಂತು ಅಂತೀಯ, ಹೋಯ್ತು ಅಂತೀಯ. ಏನು ಕಾಗದವೋ ಲಿಫ್ಟೋ ಅದು?”

ಅವಳು ನೆಲದ ಮೇಲೆ ಕೂತು, ಕಾಲು ಚಾಚಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ನಡುವೆ ಬಾಯಿ ಹಾಕಲಿಲ್ಲ. ಮೂವತ್ತು ವರ್ಷ ಲಿಫ್ಟಿನಲ್ಲಿ ಬೇರೆಯವರ ಮಾತು ಕೇಳಿದವನು. ಕೊನೆಗೆ ಮೆಲ್ಲಗೆ ಬಗ್ಗಿ, ಹಲ್ಲು ಕಚ್ಚಿ ನೋವು ನುಂಗಿ, ಮುಲಾಮಿನ ಡಬ್ಬಿ ಎಳೆದುಕೊಂಡು ಅವಳ ಮಂಡಿಗೆ ಹಚ್ಚತೊಡಗಿದ. ಅದು ಅವನ ಬೆನ್ನಿಗೆಂದು ತಂದದ್ದು, ತಳ ಕಾಣುತ್ತಿತ್ತು.

“ಅಲ್ಲ, ಆಮೇಲೆ ಅವರು ಬದಲಾಯಿಸಿಬಿಟ್ರೆ?”

“ನಾನು ಬದುಕಿರೋವರೆಗೂ ಆಗಲ್ಲ. ಶುಕ್ರವಾರ ಅಚ್ಚಾಗುತ್ತೆ. ಅಚ್ಚಾದ ಮೇಲೆ ಯಾರಿಗೂ ಆಗಲ್ಲ.”

“ಇವತ್ತು ಮಂಗಳವಾರ.”

“ಹೂಂ.”

ಅವನು ಬೆರಳಲ್ಲಿ ಎಣಿಸಿದ. ಮುಲಾಮಿನ ಬೆರಳು, ಮೂರು ದಿನಕ್ಕೆ ಬಂದು ನಿಂತಿತು.

“ಹಾಗಾದ್ರೆ ಅಲ್ಲಿವರೆಗೆ ಮೂಲೆ ಅಂಗಡಿಗೆ ನೀನು ಹೋಗ್ಬೇಡ” ಎಂದ. “ಆ ತಿರುವಿನಲ್ಲಿ ಬಸ್ಸಿನೋರು ನೋಡದೆ ನುಗ್ಗಿಸ್ತಾರೆ. ಏನಾದ್ರೂ ಬೇಕಿದ್ರೆ ನಾನೇ ತರ್ತೀನಿ.”